ಈ ವಾರ ಮಕ್ಕಳ ಫೋಟೋ ಬೇಡ, ಕುಂಡದ ಫೋಟೋ ಹಾಕಿ

ಎಲ್ಲರಿಗೂ ನಮಸ್ಕಾರ. "ಮಗು ಬೆಳೀತಿದೆ, ನಾನು ಮಾತ್ರ ನಿಂತಲ್ಲೇ ನಿಂತಿದ್ದೀನಿ" ಅಂತ ಹೋದ ವಾರ ನಮ್ಮ ಅಮ್ಮಂದಿರ ಗುಂಪಲ್ಲಿ ಒಬ್ಬರು ಬರೆದಿದ್ರಲ್ಲ, ಆ ಮಾತು ತಲೆಯಿಂದ ಹೋಗಲೇ ಇಲ್ಲ. ಅದಕ್ಕೇ ಈ ವಾರದ ವಿಷಯ: ಗಿಡ ಮತ್ತು ನಾವು.

ಸಸಿಯನ್ನ ಕಿತ್ತು ಬೇರೆ ಕುಂಡದಲ್ಲಿ ನೆಟ್ಟಾಗ ನೋಡಿದ್ದೀರಾ? ಎಲೆ ಜೋತು ಬೀಳುತ್ತೆ, ಎಷ್ಟೋ ದಿನ ಹೊಸ ಚಿಗುರೇ ಇಲ್ಲ. ಕೀಳುವಾಗ ನೀರು ಹೀರೋ ಕೂದಲಿನಂಥ ಬೇರುಗಳು ಹರಿದಿರುತ್ತವೆ. ಗಿಡ ಮೊದಲು ಅವನ್ನ ಕಟ್ಟಿಕೊಳ್ಳುತ್ತಿರುತ್ತೆ. ಮೇಲಿಂದ ನೋಡಿದರೆ ಸುಮ್ಮನೆ ನಿಂತ ಹಾಗೇ. ಹೆರಿಗೆಯಾದ ಮೊದಲ ತಿಂಗಳುಗಳು ನನಗೆ ಹಾಗೇ ಇದ್ದವು. ಆಗ ಗೊಬ್ಬರ ಸುರಿದ ಹಾಗೆ ಸಲಹೆ ಸುರಿದರೆ ಸುಡೋದೇ ಹೆಚ್ಚು (ಎಳೆ ಬೇರಿಗೂ ಅಷ್ಟೇ). ಒಂದಿಷ್ಟು ನೆರಳು, ಹದವಾಗಿ ನೀರು, ಸಾಕು.

ನೀರು ಹೆಚ್ಚಾದರೂ ಕಷ್ಟ, ಬೇರಿಗೆ ಗಾಳಿಯಾಡದೆ ಕೊಳೆಯುತ್ತೆ. ಮಗಳ ಹಿಂದೆಯೇ ಸುತ್ತುತ್ತಿದ್ದ ನನಗೆ ಇದು ಅರ್ಥವಾಗಿದ್ದು ಎರಡು ಗಿಡ ಸಾಯಿಸಿದ ಮೇಲೆ. ಈಗ ಬೆರಳನ್ನ ಒಂದು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡ್ತೀನಿ, ಒಣಗಿದ್ದರೆ ಮಾತ್ರ ನೀರು. ಮಗಳ ವಿಷಯದಲ್ಲಿ ಇನ್ನೂ ಕಲೀತಾ ಇದ್ದೀನಿ.

ಭಾನುವಾರ ರಾತ್ರಿಯೊಳಗೆ ಒಂದು ಫೋಟೋ, ಜೊತೆಗೆ ಎರಡೇ ಸಾಲು. ಮಗುವಿನ ಬಗ್ಗೆ ಅಲ್ಲ, ನಿಮ್ಮ ಬಗ್ಗೆ. ಬಾಡಿದ ಗಿಡವಾದರೂ ಪರವಾಗಿಲ್ಲ, ಮಗು ಎಲೆ ಕಿತ್ತಿದ್ದರೂ ಸರಿ. ಟೈಪ್ ಮಾಡೋಕೆ ಕೈ ಬಿಡುವಿಲ್ಲದವರು ವಾಯ್ಸ್ ಮೆಸೇಜ್ ಕಳಿಸಿ. ಫಾರ್ವರ್ಡ್ ಸುಭಾಷಿತ ಮಾತ್ರ ಬೇಡ, ದಯವಿಟ್ಟು.