ಪಟ್ಟಿ ಕಳಿಸುವ ಮೊದಲು, ಮಗಳೇ

ಪ್ರೀತಿಯ ಮಗಳೇ, ಅಸ್ಸಲಾಮು ಅಲೈಕುಂ.

ನಾಳೆ ಸಮಿತಿಯ ಮುಂದೆ ಕೂರುತ್ತೀಯ. ಫೋನಿನಲ್ಲಿ ದನಿ ಏರಿದ್ದಕ್ಕೆ ಬೇಜಾರಿದೆ, ಆಡಿದ ಮಾತಿಗಲ್ಲ. ಇಸ್ಲಾಮಿ ಮನಃಶಾಸ್ತ್ರದಲ್ಲಿ ಯಾವ ಸಂಶೋಧನೆ ಮೊದಲು ಆಗಬೇಕೆಂದು ತೀರ್ಮಾನಿಸಲು ನಿನ್ನನ್ನು ಕರೆದಿದ್ದಾರೆಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುವವನೂ ನಾನೇ. ಆದರೂ ನೀನು ಬರೆದಿರುವ ಸಂಶೋಧನಾ ಪ್ರಶ್ನೆಗಳ ಪಟ್ಟಿ ಹಾಗೇ ಹೋಗಬಾರದು.

ಅದರ ತುಂಬ ನಫ್ಸ್ (ಅಹಂ), ಕಲ್ಬ್ (ಹೃದಯ), ರೂಹ್ (ಆತ್ಮ), ಅಕ್ಲ್ (ಬುದ್ಧಿ) ಸೇರಿ ಮನಸ್ಸು ಹೇಗಾಗಿದೆ ಎಂಬ ಮಾದರಿ ತಿದ್ದುವ ಪ್ರಶ್ನೆಗಳೇ. ಬೇಡವೆನ್ನುತ್ತಿಲ್ಲ. ಪಶ್ಚಿಮದ ಸಿದ್ಧಾಂತಗಳನ್ನು ಕಣ್ಮುಚ್ಚಿ ಒಪ್ಪಬೇಡಿ ಎಂದು ಮನಃಶಾಸ್ತ್ರಜ್ಞ ಮಲಿಕ್ ಬದ್ರಿ 1979ರಲ್ಲೇ ಪುಸ್ತಕ ಬರೆದರು. ಅಲ್ಲಿಂದೀಚೆಗೆ ಚೌಕಟ್ಟಿನ ಚರ್ಚೆ ಬೆಳೆದಷ್ಟು ಚಿಕಿತ್ಸೆಯ ಪ್ರಯೋಗಗಳು ಬೆಳೆದಿಲ್ಲ.

ವಸ್ವಾಸನ್ನೇ ತಗೋ, ಬಿಡದೆ ಕಾಡುವ ಸಂಶಯದ ಕಾಯಿಲೆ. ನಮಾಜಿಗೆ ಮೊದಲು ಕೈಕಾಲು, ಮುಖ ತೊಳೆಯುವ ವುಝೂ ಮಾಡುವಾಗ ಮೊಣಕೈ ನೆನೆಯಿತೋ ಇಲ್ಲವೋ ಎಂಬ ಸಂಶಯ. ಮತ್ತೆ ತೊಳೆದರೆ ಗಳಿಗೆ ಹೊತ್ತು ನೆಮ್ಮದಿ. ಆ ನೆಮ್ಮದಿಯೇ ಮುಂದಿನ ಸಲವೂ ತೊಳೆಸುತ್ತದೆ. ಎಷ್ಟೋ ಜನ ವೈದ್ಯರಿಗಿಂತ ಮೊದಲು ಇಮಾಮರ ಬಳಿ ಹೋಗುತ್ತಾರೆ. ಅವರು ಪ್ರತಿಸಲವೂ 'ವುಝೂ ಆಗಿದೆ, ಹೋಗು' ಎಂದರೆ ಆ ಭರವಸೆಯೂ ಕಾಯಿಲೆಗೆ ಗೊಬ್ಬರ. ಸಂಶಯ ಮೇಲಿಂದ ಮೇಲೆ ಕಾಡುವವರು ಅದನ್ನು ಲೆಕ್ಕಿಸಬೇಕಿಲ್ಲ ಎಂಬ ರಿಯಾಯಿತಿ ಫಿಕ್ಹ್‌ನಲ್ಲಿ, ಅಂದರೆ ಧಾರ್ಮಿಕ ವಿಧಿಗಳ ಶಾಸ್ತ್ರದಲ್ಲಿ, ಇದೆ. ಇಮಾಮರು ಅದನ್ನು ಒಮ್ಮೆ ವಿವರಿಸಿ, ಮರುಪ್ರಶ್ನೆಗೆ ಉತ್ತರಿಸದೆ, ಚಿಕಿತ್ಸಕರೊಂದಿಗೆ ಕೈಜೋಡಿಸಿದರೆ, ಬರೀ ಚಿಕಿತ್ಸೆಗಿಂತ ಅರ್ಧಕ್ಕೆ ಬಿಡುವವರು ಕಡಿಮೆಯಾಗುತ್ತಾರೆಯೇ? ಪ್ರಶ್ನೆಯನ್ನು ಹೀಗೆ ಬರಿ: ಯಾರಿಗೆ, ಏನು ಮಾಡಿ, ಯಾವುದಕ್ಕೆ ಹೋಲಿಸಿ, ಏನನ್ನು ಅಳೆದು. ನೀನು ಬರೆದ 'ವಸ್ವಾಸ್ ಮತ್ತು ಆಧ್ಯಾತ್ಮ' ಬರೀ ತಲೆಬರಹ. ಇವತ್ತು ನಿನ್ನೆಯ ವಿಷಯವೂ ಅಲ್ಲ. 934ರಲ್ಲಿ ತೀರಿಕೊಂಡ ವಿದ್ವಾಂಸ ಅಬೂ ಝೈದ್ ಅಲ್-ಬಲ್ಖಿಯೇ ತಮ್ಮ ಪುಸ್ತಕದಲ್ಲಿ ವಸ್ವಾಸಿಗೆ ಪ್ರತ್ಯೇಕ ಅಧ್ಯಾಯ ಕೊಟ್ಟಿದ್ದರು.

ನನ್ನ ಭಯ ಬೇರೆ. ಇದರಲ್ಲಿ ನರಳುವವರು ಯಾರಾದರೂ ನಿಮ್ಮ ಡೆಲ್ಫಿ ಸಮಿತಿಯಲ್ಲಿ, ಅಂದರೆ ಸುತ್ತುಸುತ್ತಾಗಿ ಅಂಕ ಕೊಟ್ಟು ಒಮ್ಮತಕ್ಕೆ ಬರುವ ಆ ಗುಂಪಿನಲ್ಲಿ, ಇದ್ದಾರೆಯೇ? ಅವರ ಜೊತೆ ಬಚ್ಚಲ ಬಾಗಿಲಲ್ಲಿ ಕಾಯುವ ಹೆಂಡತಿ, ತಾಯಿ? ಎಲ್ಲರೂ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವವರೇ ಆದರೆ, ಅವರ ಅರ್ಧಂಬರ್ಧ ಪ್ರಬಂಧಗಳೇ ಆದ್ಯತೆಯಾಗಿ ಹೊರಬರುತ್ತವೆ. 2004ರಲ್ಲಿ ಶುರುವಾದ ಬ್ರಿಟನ್ನಿನ ಜೇಮ್ಸ್ ಲಿಂಡ್ ಅಲಯನ್ಸ್ ಎಂಬ ಸಂಸ್ಥೆ ರೋಗಿಗಳು, ಆರೈಕೆ ಮಾಡುವವರು, ವೈದ್ಯರನ್ನು ಒಂದೇ ಮೇಜಿಗೆ ಕೂರಿಸಿ ಸಂಶೋಧನೆಯಾಗಬೇಕಾದ ಮೊದಲ ಹತ್ತು ಪ್ರಶ್ನೆ ಆರಿಸುತ್ತಿದೆ. ಆಗದ ಕೆಲಸವೇನಲ್ಲ. ಅಂಕ ತುಂಬುವ ನಮೂನೆಯನ್ನು ಅವರವರ ಭಾಷೆಯಲ್ಲಿ ಕೊಡಿ. ಓದಲಾಗದವರನ್ನು ಕೇಳಿ ಬರೆದುಕೊಳ್ಳಿ.

ಪಾಠ ಶುರುವಾಯಿತು ಅಂತ ನಗಬೇಡ, ಇನ್ನೊಂದಿಷ್ಟಿದೆ. ಪ್ರತಿ ಪ್ರಶ್ನೆಗೂ 1ರಿಂದ 9ರ ಅಂಕ ಕೊಡಿಸಿದರೆ ಎಲ್ಲರೂ ಎಲ್ಲದಕ್ಕೂ 7ರ ಮೇಲೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ, ಪಟ್ಟಿ ಇಳಿಯುವುದೇ ಇಲ್ಲ. ಎರಡನೇ ಸುತ್ತಿನಲ್ಲಿ ಹತ್ತನ್ನೇ ಆರಿಸಲು ಹೇಳು. ರೋಗಿಗಳ ಅಂಕ, ತಜ್ಞರ ಅಂಕ ಬೇರೆಬೇರೆ ತೋರಿಸು. ಒಮ್ಮತವೆನ್ನಲು ಶೇ. 70 ಜನ ಒಪ್ಪಿದರೆ ಸಾಕೋ 75 ಬೇಕೋ, ಮೊದಲ ಸುತ್ತಿಗೂ ಮುಂಚೆ ಬರೆದಿಡು. ಒಪ್ಪದವರು ನಡುವೆ ಬಿಟ್ಟುಹೋದರೆ ಉಳಿದವರ ಒಮ್ಮತ ತಾನಾಗಿಯೇ ಏರುತ್ತದೆ. ಬಿಟ್ಟವರ ಮೊದಲ ಸುತ್ತಿನ ಅಂಕಗಳನ್ನೂ ವರದಿಯಲ್ಲಿ ಹಾಕು.

ನಿದ್ದೆಗೆಟ್ಟು ಎಲ್ಲವನ್ನೂ ತಿದ್ದಬೇಡ. ಸಭೆ ಮುಗಿದ ಮೇಲೆ ಫೋನು ಮಾಡು. ರೋಗಿಗಳನ್ನು ಸೇರಿಸಲು ಒಪ್ಪಿದರೋ ಇಲ್ಲವೋ, ಅಷ್ಟು ಹೇಳಿದರೆ ಸಾಕು.

ನಿನ್ನ ಅಬ್ಬಾ