ಸ್ಕೀನ್ಸ್ ಅವರನ್ನು ಮಾರಿದರೆ ಪೈರೇಟ್ಸ್‌ಗೆ ಉಳಿಯುವುದೇನು?

ಮಾನ್ಯ ಸಂಪಾದಕರೇ,

ತಮ್ಮ ಕ್ರೀಡಾಪುಟದಲ್ಲಿ ಅಮೆರಿಕದ ಬೇಸ್‌ಬಾಲ್ ಸುದ್ದಿ ಬರುವುದೇ ಅಪರೂಪ. ಬಂದಾಗಲೂ ಸೋಲುತ್ತಿರುವ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ತನ್ನ ತಾರಾ ಪಿಚರ್ (ಚೆಂಡೆಸೆಯುವ ಆಟಗಾರ) ಪಾಲ್ ಸ್ಕೀನ್ಸ್ ಅವರನ್ನು ಕೊಟ್ಟು ನಾಲ್ಕೈದು ಹೊಸ ಹುಡುಗರನ್ನು ತಂದರೆ ಉದ್ಧಾರವಾದೀತು ಎಂಬ ಧಾಟಿಯಲ್ಲೇ ಬರುತ್ತದೆ. ಅಲ್ಲಿನ ಪತ್ರಿಕೆಗಳಲ್ಲೂ ಈ ವಾದಕ್ಕೆ ಬರವಿಲ್ಲ. ಆದರೆ ಇದು ಲೆಕ್ಕ ಹಾಕದೆ ಆಡುವ ಮಾತು.

ಮೊದಲು ತಂಡದ ಸ್ಥಿತಿ. 2025ರಲ್ಲಿ 162 ಪಂದ್ಯಗಳಲ್ಲಿ 71 ಗೆಲುವು, 91 ಸೋಲು. 38 ಪಂದ್ಯಗಳಲ್ಲಿ 26 ಸೋತಾಗ ಮ್ಯಾನೇಜರ್ ಡೆರೆಕ್ ಶೆಲ್ಟನ್ ಅವರನ್ನು ತೆಗೆದು ಡಾನ್ ಕೆಲಿ ಅವರನ್ನು ಕೂರಿಸಲಾಯಿತು. ಪ್ಲೇಆಫ್ ಕಂಡಿದ್ದು ಕೊನೆಯದಾಗಿ 2015ರಲ್ಲಿ, ಲೀಗಿನ ಅಂತಿಮ ಕಿರೀಟವಾದ ವರ್ಲ್ಡ್ ಸೀರೀಸ್ ಗೆದ್ದಿದ್ದು 1979ರಲ್ಲಿ. 2025ರಲ್ಲಿ ಇಡೀ ಲೀಗಿನ 30 ತಂಡಗಳಲ್ಲಿ ಅತಿ ಕಡಿಮೆ ರನ್, ಅತಿ ಕಡಿಮೆ ಹೋಮ್ ರನ್ (ಗೋಡೆ ದಾಟಿಸುವ ಹೊಡೆತ) ಪೈರೇಟ್ಸ್‌ನದೇ: 583 ರನ್, 117 ಹೋಮ್ ರನ್. ಸ್ಕೀನ್ಸ್ ಪ್ರತಿ ಒಂಬತ್ತು ಇನಿಂಗ್ಸ್‌ಗೆ ಸರಾಸರಿ 1.97 ರನ್ ಮಾತ್ರ ಕೊಟ್ಟು, 216 ಬ್ಯಾಟರ್‌ಗಳನ್ನು ಸ್ಟ್ರೈಕ್ ಔಟ್ ಮಾಡಿ (ಹೊಡೆಯಲು ಬಿಡದೆ ತಾವೇ ಔಟ್ ಮಾಡಿ), ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಒಮ್ಮತದಿಂದ ಗೆದ್ದರು. ಆದರೂ ಅವರ ಖಾತೆಯಲ್ಲಿರುವುದು 10 ಗೆಲುವು, 10 ಸೋಲು. ರೋಗ ಇರುವುದು ಬ್ಯಾಟಿಂಗಿನಲ್ಲಿ. ಅದಕ್ಕೆ ಪಿಚಿಂಗಿನ ಬಲಗೈ ಕಡಿಯಿರಿ ಎನ್ನುವುದು ಯಾವ ಚಿಕಿತ್ಸೆ?

ಐಪಿಎಲ್ ಕಣ್ಣಿನಿಂದ ನೋಡಿದರೆ ಇಲ್ಲಿನ ವ್ಯವಹಾರ ಅರ್ಥವಾಗುವುದಿಲ್ಲ. ಐಪಿಎಲ್‌ನಲ್ಲಿ ಟ್ರೇಡ್‌ಗೆ (ತಂಡಗಳ ನಡುವಿನ ಆಟಗಾರರ ವಿನಿಮಯಕ್ಕೆ) ಆಟಗಾರನ ಒಪ್ಪಿಗೆ ಬೇಕು. ಬೇಸ್‌ಬಾಲ್‌ನಲ್ಲಿ ಬೇಡ. ಒಪ್ಪಂದದಲ್ಲೇ ಅಂಥ ಷರತ್ತು ಬರೆಸಿಕೊಂಡವರು, ಇಲ್ಲವೇ ಲೀಗಿನಲ್ಲಿ 10 ವರ್ಷ ಆಡಿ ಅದರಲ್ಲಿ ಕೊನೆಯ 5 ವರ್ಷ ಒಂದೇ ತಂಡದಲ್ಲಿ ಇದ್ದವರು ಮಾತ್ರ ‘ಒಲ್ಲೆ’ ಎನ್ನಬಹುದು. ಮೆಗಾ ಹರಾಜು ಎಂಬುದೂ ಇಲ್ಲ. ಆಟಗಾರ ಅಗ್ರ ದರ್ಜೆಯ ಮೇಜರ್ ಲೀಗಿಗೆ ಬಂದ ಮೇಲೆ ಆರು ಪೂರ್ಣ ವರ್ಷಗಳ ಸೇವೆ ಮುಗಿಯುವತನಕ ತಂಡದ ಕೈಯಲ್ಲೇ ಇರುತ್ತಾನೆ. 172 ದಿನ ತಂಡದ ಪಟ್ಟಿಯಲ್ಲಿದ್ದರೆ ಒಂದು ವರ್ಷದ ಸೇವೆ ಎಂದು ಲೆಕ್ಕ. ಸಾಮಾನ್ಯವಾಗಿ ಮೊದಲ ಮೂರು ವರ್ಷ ಕನಿಷ್ಠ ಸಂಬಳದ ಆಸುಪಾಸು. ಆ ಕನಿಷ್ಠ 2025ರಲ್ಲಿ 7.6 ಲಕ್ಷ ಡಾಲರ್ ಇತ್ತು. ಮುಂದಿನ ಮೂರು ವರ್ಷ ಆರ್ಬಿಟ್ರೇಷನ್: ಆಟಗಾರ ಒಂದು ಮೊತ್ತ ಕೇಳುತ್ತಾನೆ, ತಂಡ ಇನ್ನೊಂದು ಮೊತ್ತ ಹೇಳುತ್ತದೆ, ಮಾತುಕತೆಯಲ್ಲಿ ಬಗೆಹರಿಯದಿದ್ದರೆ ಪಂಚರು ಎರಡರಲ್ಲಿ ಒಂದನ್ನು ಆರಿಸುತ್ತಾರೆ. ನಡುವಿನ ಮೊತ್ತಕ್ಕೆ ರಾಜಿ ಮಾಡುವ ಅಧಿಕಾರ ಪಂಚರಿಗಿಲ್ಲ.

ಆದ್ದರಿಂದ ಸೋಲುವ ತಂಡ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎನ್ನುವಾಗ ಆಟಗಾರ ಎಷ್ಟು ಒಳ್ಳೆಯವನು ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯದು, ಅವನ ಮೇಲಿನ ಹಕ್ಕು ಇನ್ನೆಷ್ಟು ವರ್ಷ ಉಳಿದಿದೆ, ತಂಡ ಗೆಲ್ಲುವ ಮಟ್ಟಕ್ಕೆ ಬರಲು ಇನ್ನೆಷ್ಟು ವರ್ಷ ಬೇಕು ಎಂಬುದು.

ಸ್ಕೀನ್ಸ್ 2024ರ ಮೇ 11ರಂದು ಮೊದಲ ಪಂದ್ಯ ಆಡಿದರು. ಅಷ್ಟು ತಡವಾಗಿ ಬಂದವರಿಗೆ ಆ ವರ್ಷ 172 ದಿನ ತುಂಬುವುದಿಲ್ಲ. ಆದರೆ ವರ್ಷದ ಅತ್ಯುತ್ತಮ ಹೊಸಬನ ಮತದಾನದಲ್ಲಿ ಮೊದಲ ಎರಡು ಸ್ಥಾನ ಪಡೆದವರಿಗೆ ಪೂರ್ಣ ವರ್ಷದ ಸೇವೆ ಕೊಡಬೇಕು ಎಂಬ ನಿಯಮವಿದೆ. ಸ್ಕೀನ್ಸ್ ಆ ಪ್ರಶಸ್ತಿಯನ್ನೇ ಗೆದ್ದರು, ತಂಡಕ್ಕೆ ಸಿಗಬಹುದಾಗಿದ್ದ ಒಂದು ಹೆಚ್ಚುವರಿ ವರ್ಷ ಕೈತಪ್ಪಿತು. ಹಾಗಿದ್ದರೂ 2029ರ ಸೀಸನ್ ಮುಗಿಯುವವರೆಗೆ ಅವರು ಪೈರೇಟ್ಸ್ ಸೊತ್ತು. ಆರ್ಬಿಟ್ರೇಷನ್ ಶುರುವಾಗುವುದು 2027ಕ್ಕೆ. ನಾಲ್ಕು ಸೀಸನ್ ಕೈಯಲ್ಲಿರುವಾಗ ಮಾರುವ ಅವಸರ ಏನಿದೆ?

‘ನಾಲ್ಕು ವರ್ಷ ಉಳಿದಿರುವುದರಿಂದಲೇ ಬೆಲೆ ಹೆಚ್ಚು’ ಎನ್ನುತ್ತಾರೆ. ಬೆಲೆಯೇನೋ ಹೆಚ್ಚು, ನಿಜ. ವಾಷಿಂಗ್ಟನ್ ನ್ಯಾಷನಲ್ಸ್ 2022ರ ಆಗಸ್ಟ್ 2ರಂದು ಹುವಾನ್ ಸೋಟೊ ಅವರನ್ನು ಎರಡೂವರೆ ಸೀಸನ್ ಉಳಿದಿರುವಾಗ ಸ್ಯಾನ್ ಡಿಯೆಗೊಗೆ ಕೊಟ್ಟಿತು. ಬಂದವರಲ್ಲಿ ಸಿ.ಜೆ. ಏಬ್ರಮ್ಸ್, ಮೆಕೆಂಜಿ ಗೋರ್, ಜೇಮ್ಸ್ ವುಡ್ ಮೂವರೂ ಮುಂದೆ ಆಲ್‌ಸ್ಟಾರ್ ಆದರು (ಲೀಗಿನ ತಾರೆಯರ ತಂಡಕ್ಕೆ ಆಯ್ಕೆಯಾದರು). ತಾರೆಯನ್ನು ಮಾರಿ ಇದಕ್ಕಿಂತ ಒಳ್ಳೆಯ ಫಸಲು ತೆಗೆದವರು ಕಡಿಮೆ. ಆದರೂ 2025ರಲ್ಲಿ ನ್ಯಾಷನಲ್ಸ್ ಗೆದ್ದಿದ್ದು 66 ಪಂದ್ಯ, ಸೋತಿದ್ದು 96. ಗುರಿಯಿಟ್ಟು ಹೊಡೆದ ಕಲ್ಲು ಬಿದ್ದಾಗಲೇ ಫಲಿತಾಂಶ ಹೀಗೆ.

ಪೈರೇಟ್ಸ್ ಇಂಥದ್ದನ್ನು ಒಮ್ಮೆ ಮಾಡಿಯೂ ನೋಡಿದೆ. 2011ರ ಡ್ರಾಫ್ಟಿನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯ) ಮೊದಲ ಆಯ್ಕೆ, ಪಿಚರ್ ಗೆರಿಟ್ ಕೋಲ್ ಅವರನ್ನು 2018ರ ಜನವರಿಯಲ್ಲಿ, ಎರಡು ವರ್ಷ ಉಳಿದಿರುವಾಗ, ಹ್ಯೂಸ್ಟನ್ ಆಸ್ಟ್ರೋಸ್‌ಗೆ ಕೊಟ್ಟು ನಾಲ್ವರನ್ನು ತಂದಿತು. ನಾಲ್ವರಲ್ಲಿ ಕೈಹಿಡಿದದ್ದು ಜೋ ಮಸ್‌ಗ್ರೋವ್ ಒಬ್ಬರೇ. 2021ರ ಜನವರಿಯಲ್ಲಿ ಅವರನ್ನೂ ಸ್ಯಾನ್ ಡಿಯೆಗೊಗೆ ಕಳಿಸಲಾಯಿತು. ಏಪ್ರಿಲ್‌ನಲ್ಲಿ ಅವರು ಆ ಕ್ಲಬ್ಬಿನ ಚರಿತ್ರೆಯಲ್ಲೇ ಮೊದಲ ನೋ-ಹಿಟರ್ (ಎದುರಾಳಿಗೆ ಒಂದೂ ಹಿಟ್ ಬಿಡದ ಪಂದ್ಯ) ಎಸೆದರು.

ಕೋಲ್ ಪ್ರಕರಣವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು, ತಪ್ಪು ಎಲ್ಲಿತ್ತು ಎಂಬುದು ಅಲ್ಲೇ ಇದೆ. ಆಗ ಪೈರೇಟ್ಸ್ ತನ್ನ ಪಿಚರ್‌ಗಳಿಂದ ಕೆಳಮಟ್ಟದಲ್ಲಿ, ಕೊನೆಯಲ್ಲಿ ಇಳಿಯುವ ಸಿಂಕರ್ ಎಸೆತಗಳನ್ನು ಹೆಚ್ಚಾಗಿ ಹಾಕಿಸುತ್ತಿತ್ತು. ಬ್ಯಾಟರ್ ಹೊಡೆದರೂ ಚೆಂಡು ನೆಲಕ್ಕೆ ಬಿದ್ದು ಉರುಳಲಿ, ಫೀಲ್ಡರ್ ಹಿಡಿದು ಔಟ್ ಮಾಡಲಿ ಎಂಬುದು ಉದ್ದೇಶ. ಕೋಲ್ ಅವರ ಬಲ ಇದ್ದದ್ದು ನೇರವಾಗಿ ಮೇಲ್ಮಟ್ಟದಲ್ಲಿ ಹೋಗುವ ವೇಗದ ಎಸೆತದಲ್ಲಿ. ಆಸ್ಟ್ರೋಸ್ ಸಿಂಕರ್ ಕಡಿಮೆ ಮಾಡಿಸಿ, ಮೇಲಿನ ಎಸೆತವನ್ನೂ ತಿರುವು ಪಡೆಯುವ ಸ್ಲೈಡರ್, ಕರ್ವ್‌ಗಳನ್ನೂ ಹೆಚ್ಚಿಸಿತು. 2017ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ 203 ಇನಿಂಗ್ಸ್‌ಗೆ 196 ಸ್ಟ್ರೈಕ್ ಔಟ್ ಇದ್ದದ್ದು 2018ರಲ್ಲಿ ಸುಮಾರು 200 ಇನಿಂಗ್ಸ್‌ಗೆ 276 ಆಯಿತು, 2019ರಲ್ಲಿ 326. ತೋಳು ಅದೇ, ಬದಲಾದದ್ದು ಎಸೆತದ ಆಯ್ಕೆ. ಯಾರನ್ನೇ ಮಾರುವ ಮುನ್ನ ಕೇಳಿಕೊಳ್ಳಬೇಕಾದ್ದು ಇದು: ಕೊರತೆ ಆಟಗಾರನದೋ, ಅವನನ್ನು ಆಡಿಸುವ ನಮ್ಮ ರೀತಿಯದೋ?

ಕೋಲ್ ಅವರನ್ನು ಮಾರಿದ 2018ರಲ್ಲೇ ಜುಲೈ 31ರಂದು ಇದಕ್ಕೆ ತದ್ವಿರುದ್ಧ ತಪ್ಪು ನಡೆಯಿತು. ಒಂದು ತಿಂಗಳು ಚೆನ್ನಾಗಿ ಆಡಿದ ಹುಮ್ಮಸ್ಸಿನಲ್ಲಿ ಟ್ಯಾಂಪಾ ಬೇ ರೇಸ್‌ನಿಂದ ಪಿಚರ್ ಕ್ರಿಸ್ ಆರ್ಚರ್ ಅವರನ್ನು ತರಲು ಆಸ್ಟಿನ್ ಮೆಡೋಸ್, ಟೈಲರ್ ಗ್ಲಾಸ್‌ನೋ, ಶೇನ್ ಬ್ಯಾಜ್ ಮೂವರನ್ನೂ ಕೊಟ್ಟರು. ಬ್ಯಾಜ್ ಹೆಸರು ಮೊದಲು ಪ್ರಕಟವಾಗಿರಲೇ ಇಲ್ಲ, ‘ಆಮೇಲೆ ಹೆಸರಿಸುವ ಆಟಗಾರ’ ಎಂದಿತ್ತು. ಇದಕ್ಕೆ ನಿಯಮದಲ್ಲಿ ಆರು ತಿಂಗಳ ಅವಕಾಶವಿದೆ. ಮರುವರ್ಷವೇ ಮೆಡೋಸ್ 33 ಹೋಮ್ ರನ್ ಹೊಡೆದು ಆಲ್‌ಸ್ಟಾರ್ ಆದರೆ, ಆರ್ಚರ್ ಒಂಬತ್ತು ಇನಿಂಗ್ಸ್‌ಗೆ ಕೊಡುವ ರನ್ ಸರಾಸರಿ 5.19ಕ್ಕೆ ಏರಿತು, 2020 ಇಡೀ ಶಸ್ತ್ರಚಿಕಿತ್ಸೆಯಲ್ಲಿ ಕಳೆಯಿತು. ಬಿತ್ತನೆ ಬೀಜವನ್ನೇ ಬೇಯಿಸಿ ಉಂಡಂತೆ.

ಹಾಗಾದರೆ ಯಾರನ್ನು ಮಾರಬೇಕು? ಮೊದಲ ಸರದಿ ಪಂದ್ಯದ ನಡುವೆ ಬದಲಿಯಾಗಿ ಇಳಿಯುವ ರಿಲೀಫ್ ಪಿಚರ್‌ಗಳದು, ಅದರಲ್ಲೂ ಕೊನೆಯ ಇನಿಂಗ್ಸ್ ಎಸೆಯುವ ಕ್ಲೋಸರ್‌ನದು. ಕ್ಲೋಸರ್ ವರ್ಷಕ್ಕೆ ಎಸೆಯುವುದು ಸುಮಾರು 60 ಇನಿಂಗ್ಸ್. ಸ್ಕೀನ್ಸ್ 2025ರಲ್ಲಿ ಎಸೆದದ್ದು 187ಕ್ಕೂ ಹೆಚ್ಚು. ಎಪ್ಪತ್ತೊಂದು ಪಂದ್ಯ ಗೆಲ್ಲುವ ತಂಡಕ್ಕೆ ಕೊನೆಯಲ್ಲಿ ಕಾಪಾಡಿಕೊಳ್ಳಲು ಮುನ್ನಡೆ ಸಿಗುವುದೇ ಕಡಿಮೆ. ಊಟಕ್ಕೆ ಅಕ್ಕಿಯಿಲ್ಲದ ಮನೆಗೆ ಬೆಳ್ಳಿ ತಟ್ಟೆಯಿದ್ದ ಹಾಗೆ. ರಿಲೀಫ್ ಪಿಚರ್‌ಗಳ ಲಯವಾದರೂ ವರ್ಷದಿಂದ ವರ್ಷಕ್ಕೆ ನಿಲ್ಲುವುದಿಲ್ಲ. ಪೈರೇಟ್ಸ್ ಕ್ಲೋಸರ್ ಡೇವಿಡ್ ಬೆಡ್ನರ್ 2025ರ ಏಪ್ರಿಲ್ ಮೊದಲ ವಾರದಲ್ಲೇ ಕೆಳಗಿನ ಲೀಗಿಗೆ ಹೋಗಬೇಕಾಯಿತು, ಮರಳಿ ಬಂದು ಚೆನ್ನಾಗಿ ಎಸೆದರು, ಜುಲೈ ಕೊನೆಯಲ್ಲಿ ಅವರನ್ನು ಯಾಂಕೀಸ್‌ಗೆ ಕೊಟ್ಟು ಕ್ಯಾಚರ್ ರಫೇಲ್ ಫ್ಲೋರೆಸ್ ಸೇರಿ ಮೂವರನ್ನು ತಂದರು. ಊರಿನ ಹುಡುಗ ಎಂದು ಅಭಿಮಾನಿಗಳು ಮರುಗಿದರು. ಆದರೂ ಆ ವ್ಯವಹಾರ ಸರಿಯಾಗಿತ್ತು.

ಮುಂದಿನವರು ಒಪ್ಪಂದದಲ್ಲಿ ಒಂದೇ ವರ್ಷ ಉಳಿದವರು. ಆ್ಯಂಡ್ರೂ ಮೆಕಚನ್ 2013ರ ಎಂವಿಪಿ (ವರ್ಷದ ಅತ್ಯಮೂಲ್ಯ ಆಟಗಾರ), ಊರಿನ ಕಣ್ಮಣಿ. ಒಂದು ವರ್ಷ ಉಳಿದಿದ್ದಾಗ 2018ರ ಜನವರಿಯಲ್ಲಿ ಅವರನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಕೊಟ್ಟರು. ಬದಲಿಗೆ ಬಂದವರಲ್ಲಿ ಬ್ರಯನ್ ರೆನಾಲ್ಡ್ಸ್ ಎರಡು ಸಲ ಆಲ್‌ಸ್ಟಾರ್ ಆದರು. ಕೋಲ್ ಅವರನ್ನು ಕೆಟ್ಟದಾಗಿ ಮಾರಿದ ಅದೇ ವಾರಗಳಲ್ಲಿ ಅದೇ ಕಚೇರಿ ಇದನ್ನು ಚೆನ್ನಾಗಿ ಮಾಡಿತು ಎಂಬುದು ವಿಚಿತ್ರ.

ಮೂರನೆಯದು, ಬ್ಯಾಟ್ ಬೀಸದ ದುಬಾರಿ ಒಪ್ಪಂದಗಳು. ಮೂರನೇ ಬೇಸ್ ಕಾಯುವ ಕಿಬ್ರಯನ್ ಹೇಯ್ಸ್ ಫೀಲ್ಡಿಂಗಿನಲ್ಲಿ ಅಪ್ಪಟ ಚಿನ್ನ. ಆದರೆ 2022ರಲ್ಲಿ ಸಹಿ ಹಾಕಿದ 8 ವರ್ಷ, 7 ಕೋಟಿ ಡಾಲರ್ ಒಪ್ಪಂದಕ್ಕೆ ತಕ್ಕ ಬ್ಯಾಟಿಂಗ್ ಬರಲಿಲ್ಲ. 2025ರ ಜುಲೈನಲ್ಲಿ ಸಿನ್ಸಿನಾಟಿ ಅವರನ್ನು ಕರೆದುಕೊಂಡಿತು. ಇಂಥ ಕಡೆ ಬದಲಿಗೆ ಬರುವ ಹುಡುಗರಿಗಿಂತ ಕೈಬಿಡುವ ಹೊರೆಯೇ ಲಾಭ, ಆ ಹಣ ಬ್ಯಾಟರ್‌ಗಳಿಗೆ ಹೋದರೆ ಮಾತ್ರ. ಮಾಲೀಕ ಬಾಬ್ ನಟಿಂಗ್ ಅವರ ಜೇಬಿಗೆ ಹೋದರೆ ಅದು ಬರೀ ಉಳಿತಾಯ.

ಯಾವ ಬ್ಯಾಟರ್ ತರಬೇಕು ಎಂಬುದನ್ನು ಮೈದಾನವೇ ಹೇಳುತ್ತದೆ. ಪೈರೇಟ್ಸ್‌ನ ತವರು ಮೈದಾನ ಪಿಎನ್‌ಸಿ ಪಾರ್ಕ್‌ನಲ್ಲಿ ಬಲಗಡೆಯ ಗೋಡೆ 320 ಅಡಿ ದೂರದಲ್ಲಿದೆ. ತಂಡದ ಹಳೆಯ ತಾರೆ ರಾಬರ್ಟೊ ಕ್ಲೆಮೆಂಟೆ ಅವರ ಅಂಗಿ ಸಂಖ್ಯೆಯ ನೆನಪಿಗೆ 21 ಅಡಿ ಎತ್ತರ. ಎಡ-ಮಧ್ಯದ ಮೂಲೆ ಮಾತ್ರ 410 ಅಡಿ. ಬಲಗೈ ಬ್ಯಾಟರ್ ಎಳೆದು ಹೊಡೆದ ಎತ್ತರದ ಹೊಡೆತ ಬೇರೆ ಊರಲ್ಲಿ ಹೋಮ್ ರನ್, ಇಲ್ಲಿ ಆ ಮೂಲೆಯಲ್ಲಿ ಕ್ಯಾಚ್. ಎಡಗೈ ಬ್ಯಾಟರ್‌ಗೆ ಈ ಮೈದಾನ ಅಷ್ಟು ನಿರ್ದಯಿಯಲ್ಲ. ಹೀಗಾಗಿ 2025ರ ಡಿಸೆಂಬರ್‌ನಲ್ಲಿ ಯುವ ಪಿಚರ್ ಮೈಕ್ ಬರೋಸ್ ಅವರನ್ನು ಬಿಟ್ಟು, ಮೂರು ತಂಡಗಳ ವಿನಿಮಯದಲ್ಲಿ 31 ಹೋಮ್ ರನ್ ಹೊಡೆದಿದ್ದ ಎಡಗೈ ಬ್ಯಾಟರ್ ಬ್ರಾಂಡನ್ ಲೋ ಅವರನ್ನು ತಂದದ್ದರಲ್ಲಿ ಅರ್ಥವಿದೆ. ಪಿಚರ್ ಯೋಹಾನ್ ಒವಿಯೆಡೊ ಅವರನ್ನು ಬೋಸ್ಟನ್‌ಗೆ ಕೊಟ್ಟು ಔಟ್‌ಫೀಲ್ಡರ್ ಯೊಸ್ಟಿಂಕ್ಸನ್ ಗಾರ್ಸಿಯಾ ಅವರನ್ನು ತಂದದ್ದೂ ಇದೇ ಜಾಡು: ಹೆಚ್ಚಿರುವ ಪಿಚಿಂಗನ್ನು ಕೊಟ್ಟು ಇಲ್ಲದ ಬ್ಯಾಟಿಂಗ್ ಕೊಳ್ಳುವುದು. ಲೋ ಒಪ್ಪಂದ 2026ಕ್ಕೆ ಮುಗಿಯುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಆ ವರ್ಷದ ವಿನಿಮಯದ ಗಡುವಾದ ಆಗಸ್ಟ್ 3ರ ಹೊತ್ತಿಗೆ ಪ್ಲೇಆಫ್ ಆಸೆ ಕಮರಿದ್ದರೆ ಅವರನ್ನು ಮುಲಾಜಿಲ್ಲದೆ ಮಾರಬೇಕು. ಅವರ ಉಳಿದ ಸಂಬಳದಲ್ಲಿ ಒಂದಿಷ್ಟನ್ನು ಪೈರೇಟ್ಸ್ ತಾನೇ ಕೊಟ್ಟರೆ ಬದಲಿಗೆ ಬರುವ ಆಟಗಾರನ ದರ್ಜೆಯೂ ಒಂದು ಮೆಟ್ಟಿಲು ಏರುತ್ತದೆ.

ಒಬ್ಬನಿಗೆ ನಾಲ್ವರು ಬರುವುದು ಕಾಗದದ ಮೇಲೆ ಚೆಂದ. ಆದರೆ ತಂಡದ ರಕ್ಷಿತ ಪಟ್ಟಿಯಲ್ಲಿರುವುದು 40 ಜಾಗ, ಪಂದ್ಯಕ್ಕೆ 26. ಡ್ರಾಫ್ಟಾಗಿ ನಾಲ್ಕೈದು ವರ್ಷ ಕಳೆದ ಹುಡುಗನನ್ನು ನವೆಂಬರ್ ಒಳಗೆ ಆ 40ರಲ್ಲಿ ಸೇರಿಸದಿದ್ದರೆ ರೂಲ್ 5 ಡ್ರಾಫ್ಟಿನಲ್ಲಿ ಬೇರೆಯವರು ಎತ್ತಿಕೊಂಡು ಹೋಗಬಹುದು. ನಾಲ್ವರು ಸಾಧಾರಣರನ್ನು ತಂದರೆ ಅವರಿಗೆ ಜಾಗ ಮಾಡಲು ನಮ್ಮ ನಾಲ್ವರನ್ನು ಬಿಡಬೇಕಾಗುತ್ತದೆ. ಕೇಳುವುದಾದರೆ ಇಬ್ಬರನ್ನು ಕೇಳಬೇಕು, ಮೊದಲ ದರ್ಜೆಯವರನ್ನು.

ಸ್ಕೀನ್ಸ್ ವಿಷಯದಲ್ಲಿ ಎದುರು ವಾದಕ್ಕೆ ಒಂದು ಬಲವಿದೆ: ಪಿಚರ್ ತೋಳು ಯಾವಾಗ ಕೈಕೊಡುತ್ತದೋ ಹೇಳಲಾಗದು. ಇದೇ ತಂಡದ ಜ್ಯಾರೆಡ್ ಜೋನ್ಸ್ 2025ರ ಮೇನಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾದರು, ಒವಿಯೆಡೊ 2024 ಇಡೀ ಆಡಲಿಲ್ಲ. ಆದರೆ ಈ ಭಯ ಕೊಳ್ಳುವವರಿಗೂ ಇರುತ್ತದೆ, ಅವರೂ ವೈದ್ಯಕೀಯ ದಾಖಲೆ ನೋಡಿಯೇ ಬೆಲೆ ಕಟ್ಟುತ್ತಾರೆ. ಮೇಲಾಗಿ ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಆರು ವರ್ಷದ ನಿಯಮ, ಆರ್ಬಿಟ್ರೇಷನ್ ಎಲ್ಲವೂ ಮತ್ತೆ ಮೇಜಿನ ಮೇಲೆ ಬರಬಹುದು. ನಿಯಮವೇ ಗೊತ್ತಿಲ್ಲದೆ ನಾಲ್ಕು ವರ್ಷದ ಹಕ್ಕಿಗೆ ಬೆಲೆ ಕಟ್ಟುವುದು ಹೇಗೆ? ದೀರ್ಘ ಒಪ್ಪಂದಕ್ಕೆ ಅವರನ್ನು ಒಪ್ಪಿಸಲು ಯತ್ನಿಸಬೇಕು. ಆಗದಿದ್ದರೆ 2027ರ ಸೀಸನ್ ಮುಗಿದ ಚಳಿಗಾಲದಲ್ಲಿ, ಎರಡು ವರ್ಷ ಉಳಿದಿರುವಾಗ, ಮಾರುವ ಮಾತು ಎತ್ತಲಿ. ಆಗಲೂ ಪೈರೇಟ್ಸ್ ರನ್ ಗಳಿಕೆಯಲ್ಲಿ ಮೂವತ್ತನೇ ಸ್ಥಾನದಲ್ಲೇ ಇದ್ದರೆ, ಮೊದಲು ಬದಲಾಯಿಸಬೇಕಾದ್ದು ಜನರಲ್ ಮ್ಯಾನೇಜರ್ ಬೆನ್ ಚೆರಿಂಗ್ಟನ್ ಅವರ ಕುರ್ಚಿಯಲ್ಲಿ ಕೂತವರನ್ನು.

ಇಂತಿ,
ತಮ್ಮ ಓದುಗ