ನೀರು ಕೇಳುವ ರೋಗಿಗೆ ಏನು ಕೊಡುತ್ತೀಯ?

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ದೀಪ ಹಿಡಿದು ನರ್ಸಿಂಗ್ ಪ್ರತಿಜ್ಞೆ ಮಾಡಿದ್ದಾಯಿತು, ಇನ್ನು ವಾರ್ಡ್ ಪೋಸ್ಟಿಂಗ್. ನಿನ್ನದು ಮೊದಲಿನಿಂದಲೂ ಕರಗುವ ಮನಸ್ಸು. ಅದು ಬೇಕು. ಆದರೆ 'ಅಯ್ಯೋ ಪಾಪ' ಅನ್ನುವುದೇ ಒಮ್ಮೊಮ್ಮೆ ರೋಗಿಗೆ ಮುಳುವಾಗುತ್ತದೆ.

ಆಪರೇಷನ್‌ಗೆ ಮುಂಚೆ ಎನ್‌ಪಿಒದಲ್ಲಿ, ಅಂದರೆ ಬಾಯಿಗೆ ಏನೂ ಕೊಡದೆ, ಇಟ್ಟ ಅಜ್ಜ 'ಒಂದು ಗುಟುಕು ನೀರು ಕೊಡವ್ವಾ' ಎಂದು ಕೈ ಹಿಡಿದುಕೊಳ್ಳುತ್ತಾರೆ. ನೀನಾಗಿ ಕೊಟ್ಟುಬಿಡಬೇಡ. ಅರಿವಳಿಕೆ ಕೊಟ್ಟ ಮೇಲೆ ನುಂಗುವ, ಕೆಮ್ಮುವ ಶಕ್ತಿ ಅಡಗಿರುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಸಾಮಾನ್ಯವಾಗಿ ಲಘು ಊಟಕ್ಕೆ 6 ಗಂಟೆ, ಬರೀ ನೀರಿಗೆ 2 ಗಂಟೆ ಅಂತರ ಇರಬೇಕು. ಹಾಗಂತ 'ಕೊಡೋ ಹಾಗಿಲ್ಲ' ಎಂದು ಮುಖ ತಿರುಗಿಸಿ ಹೋಗಬೇಡ. ಕಾರಣ ಹೇಳು, ಒದ್ದೆ ಗಾಜ್ ಬಟ್ಟೆಯಿಂದ ತುಟಿ ಒರೆಸು. ಬೆಳಿಗ್ಗೆಯ ಕೇಸು ಮಧ್ಯಾಹ್ನಕ್ಕೆ ಜಾರಿದ್ದು ಗೊತ್ತಾದರೆ, ಅಲ್ಲಿಯತನಕ ನೀರು ಕೊಡಬಹುದೇ ಎಂದು ಸಿಸ್ಟರ್ ಮೂಲಕ ಅರಿವಳಿಕೆ ಡಾಕ್ಟರನ್ನು ಕೇಳಿಸು. ಯಾರೂ ಕೇಳದೆ ಬಾಯಿ ಒಣಗಿಸಿಕೊಂಡು ಬಿದ್ದಿರುವವರೇ ಹೆಚ್ಚು. ನಿನ್ನ ಕರುಣೆ ಅಲ್ಲಿ ಖರ್ಚಾಗಲಿ.

ಒಂದೇ ಕಡೆ ಭಾರ ಬಿದ್ದು ಹುಣ್ಣಾಗದಂತೆ, ಹಾಸಿಗೆ ಹಿಡಿದವರ ಮಗ್ಗುಲನ್ನು 2 ಗಂಟೆಗೊಮ್ಮೆ ಬದಲಿಸು. ಪೂರಾ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ. 30 ಡಿಗ್ರಿ ಓರೆ ಸಾಕು, ಬೆನ್ನಿಗೊಂದು ದಿಂಬು. ಮೀನಖಂಡದ ಕೆಳಗೆ ಇನ್ನೊಂದು ಇಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗುವುದಿಲ್ಲ. ಮೇಲಕ್ಕೆ ಸರಿಸುವಾಗ ಎಳೆಯಬೇಡ, ಚರ್ಮ ಕಿತ್ತುಬರುತ್ತದೆ. ಡ್ರಾ ಶೀಟ್, ಅಂದರೆ ರೋಗಿಯ ಮೈಯಡಿ ಅಡ್ಡಲಾಗಿ ಹಾಸಿದ ಬಟ್ಟೆ, ಹಿಡಿದು ಇಬ್ಬರು ಎತ್ತಿ. ಕೆಂಪಾದ ಜಾಗ ಬೆರಳಲ್ಲಿ ಒತ್ತಿದರೂ ಬಿಳಿಚಿಕೊಳ್ಳದಿದ್ದರೆ ಹುಣ್ಣು ಶುರುವಾದಂತೆ. ಕಪ್ಪು ಮೈಬಣ್ಣದವರಲ್ಲಿ ಆ ಕೆಂಪು ಕಣ್ಣಿಗೆ ಬೀಳುವುದಿಲ್ಲ, ಬಿಸಿ ಇದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಅಲ್ಲಿಗೆ ಎಣ್ಣೆ ಹಾಕಿ ತಿಕ್ಕುವುದು ಮನೆಯವರು ಪ್ರೀತಿಯಿಂದಲೇ ಮಾಡುವ ತಪ್ಪು. ಒಳಗೆ ಇನ್ನಷ್ಟು ಹಾಳಾಗುತ್ತದೆ. ಬೈಯದೆ ತಿಳಿಸಿ ಹೇಳು.

ಪರದೆ ಎಳೆಯದೆ ಯಾರ ಬಟ್ಟೆಯನ್ನೂ ಸರಿಸಬೇಡ. 'ಬೆಡ್ 12' ಅನ್ನಬೇಡ, ಹೆಸರು ಹಿಡಿದು ಮಾತಾಡಿಸು. ಉಸಿರು ಎಣಿಸುವಾಗ ಮಾತ್ರ ಹೇಳದೆ ಎಣಿಸು, ನಾಡಿ ಹಿಡಿದಂತೆಯೇ ಇದ್ದು, ಪೂರ್ತಿ ಒಂದು ನಿಮಿಷ. ಗೊತ್ತಾದರೆ ಉಸಿರಾಟದ ಲಯವೇ ಬದಲಾಗುತ್ತದೆ.

ಮಗ್ಗುಲು ಬದಲಿಸಿದ ಕೂಡಲೇ ಚಾರ್ಟಿನಲ್ಲಿ ಹೊತ್ತು, ಎಡವೋ ಬಲವೋ ಬರೆದುಬಿಡು. ಇಲ್ಲವಾದರೆ ನೈಟ್ ಡ್ಯೂಟಿಗೆ ಬಂದವಳು ಮತ್ತೆ ಅದೇ ಮಗ್ಗುಲಿಗೆ ಮಲಗಿಸುತ್ತಾಳೆ.

ನಿನ್ನ ದೊಡ್ಡಮ್ಮ